ನೀರು ಬಂದರೆ ಸೀಮೆ ಬದಲಾಗುವುದೇ? ಮಂಡ್ಯದ ನೂರು ವರ್ಷಗಳನ್ನು ಮುಂದಿಟ್ಟುಕೊಂಡು ಒಂದು ಉತ್ತರ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಬಂದರೆ ನಮ್ಮ ಸೀಮೆಯೂ ಮಂಡ್ಯದ ಹಾಗೆ ಆಗುತ್ತದೆ ಎಂದು ನಮ್ಮೂರಿನ ಹಿರಿಯರು ಹೇಳುತ್ತಾರೆ. ಒಂದು ಪ್ರದೇಶದ ಆರ್ಥಿಕ ಸ್ಥಿತಿ ಮತ್ತು ಸಮಾಜ ನಿಜಕ್ಕೂ ಹಾಗೆ ಬದಲಾಗುತ್ತವೆಯೇ? ಬದಲಾಗುವುದಾದರೆ ಯಾವ ಕ್ರಮದಲ್ಲಿ, ಯಾರ ಪಾಲಿಗೆ?

ಉತ್ತರ: ತಮ್ಮ ಊರಿನ ಹಿರಿಯರು ಮಂಡ್ಯದ ಹೆಸರು ಹೇಳುವುದಕ್ಕೆ ಕಾರಣವಿದೆ. ಒಂದೇ ತಲೆಮಾರಿನಲ್ಲಿ ರಾಗಿ ಮುದ್ದೆಯ ಸೀಮೆಯೊಂದು ಭತ್ತ ಮತ್ತು ಕಬ್ಬಿನ ಸೀಮೆಯಾಗಿ ಮಾರ್ಪಟ್ಟದ್ದನ್ನು ಹಳೆಯ ಮೈಸೂರಿನ ಜನ ಕಣ್ಣಾರೆ ಕಂಡರು. ಆದರೆ ಮಂಡ್ಯದ ಕಥೆಯನ್ನು ನಾವು ಸಾಮಾನ್ಯವಾಗಿ ಅಣೆಕಟ್ಟಿನ ಕಥೆಯಾಗಿ ಮಾತ್ರ ಹೇಳಿಕೊಳ್ಳುತ್ತೇವೆ. ಅಣೆಕಟ್ಟು ಕಟ್ಟಿದರು, ನಾಲೆ ತೋಡಿದರು, ಜನ ಉದ್ಧಾರವಾದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ನನ್ನ ತಿಳಿವಳಿಕೆಯ ಪ್ರಕಾರ ನೀರು ಯಾವ ಪ್ರದೇಶವನ್ನೂ ತಾನಾಗಿ ಬದಲಿಸುವುದಿಲ್ಲ. ನೀರು ಬಂದ ದಿನ ಭೂಮಿ ಯಾರ ಕೈಯಲ್ಲಿತ್ತು, ನೀರಿನ ಜೊತೆಯಲ್ಲಿ ಯಾವ ಸಂಸ್ಥೆಗಳು ಬಂದವು, ನೀರು ತಲುಪದವರು ಏನು ಮಾಡಿದರು ಎಂಬ ಮೂರು ಸಂಗತಿಗಳೇ ಬದಲಾವಣೆಯ ದಿಕ್ಕನ್ನು ನಿರ್ಧರಿಸುತ್ತವೆ. ಮಂಡ್ಯವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಕೊನೆಯಲ್ಲಿ ತಮ್ಮ ಸೀಮೆಗೆ ಬರುತ್ತೇನೆ.

ಮೊದಲಿಗೆ, ನೀರು ಬರುವ ಮುಂಚಿನ ಮಂಡ್ಯ. ಅದು ಆಗ ಮೈಸೂರು ಜಿಲ್ಲೆಗೆ ಸೇರಿದ ಒಂದು ತಾಲ್ಲೂಕು. ರಾಗಿ, ಹುರುಳಿ, ಅವರೆ ಬೆಳೆಯುವ ಬೆದ್ದಲು ಭೂಮಿ, ಅಲ್ಲಲ್ಲಿ ಕೆರೆ ಕಟ್ಟೆಗಳ ಕೆಳಗೆ ತುಸು ಗದ್ದೆ, ನದಿಯಂಚಿನ ಹಳ್ಳಿಗಳಿಗೆ ಹಳೆಯ ಅಣೆಕಟ್ಟೆಗಳ ಕಾಲುವೆ ನೀರು, ಇಷ್ಟೇ ಅದರ ಆಸ್ತಿ. ಬೆಂಗಳೂರು ಮತ್ತು ಮೈಸೂರಿನ ನಡುವಿನ ರೈಲು 1880ರ ದಶಕದ ಆರಂಭದಲ್ಲಿಯೇ ಮಂಡ್ಯ ಮತ್ತು ಮದ್ದೂರಿನ ಮೂಲಕ ಓಡಲು ಆರಂಭಿಸಿತ್ತು. ಆದರೂ ಐವತ್ತು ವರ್ಷಗಳ ಕಾಲ ಆ ರೈಲು ಮಂಡ್ಯವನ್ನು ಹೆಚ್ಚೇನೂ ಬದಲಿಸಲಿಲ್ಲ, ಏಕೆಂದರೆ ರೈಲಿಗೆ ತುಂಬಿ ಕಳುಹಿಸುವಂಥ ಬೆಳೆ ಅಲ್ಲಿ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಇಂದಿನ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯಿಂದ ವಿದ್ಯುತ್ ತಯಾರಾಯಿತು. ಆ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು, ಸುತ್ತಲಿನ ಹಳ್ಳಿಗಳು ಕತ್ತಲಲ್ಲಿಯೇ ಉಳಿದವು. ಒಂದು ಪ್ರದೇಶದ ಮೂಲಕ ಸಂಪತ್ತು ಹಾದು ಹೋಗುವುದಕ್ಕೂ ಆ ಪ್ರದೇಶದಲ್ಲಿ ಸಂಪತ್ತು ನೆಲೆಯೂರುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಮಕ್ಕಳಿಗೆ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಕನ್ನಂಬಾಡಿಯ, ಅಂದರೆ ಕೃಷ್ಣರಾಜಸಾಗರದ, ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ಗಣಿಗಳಿಗೆ ಬೇಸಿಗೆಯಲ್ಲಿಯೂ ಬತ್ತದ ವಿದ್ಯುತ್ತನ್ನು ಒದಗಿಸಬೇಕೆಂಬುದು ಆ ಯೋಜನೆಯ ಹಿಂದಿದ್ದ ಮುಖ್ಯ ಒತ್ತಾಸೆಗಳಲ್ಲಿ ಒಂದು. ಆಗ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ಮುಂದೆ 1912ರಿಂದ 1918ರವರೆಗೆ ದಿವಾನರಾಗಿಯೂ ಅದನ್ನು ಮುನ್ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲವಿತ್ತು. ಆದರೆ ಕೆಳಗಿನ ಮದ್ರಾಸು ಪ್ರಾಂತ್ಯದ ತಕರಾರಿನಿಂದ ವರ್ಷಗಳು ಕಳೆದವು, 1924ರ ಒಪ್ಪಂದದ ನಂತರವೇ ಹಾದಿ ಸುಗಮವಾಯಿತು. ಆ ಒಪ್ಪಂದ ಕೃಷ್ಣರಾಜಸಾಗರದ ಕೆಳಗೆ 1,25,000 ಎಕರೆ ಹೊಸ ನೀರಾವರಿಗೆ ಅವಕಾಶ ಕೊಟ್ಟಿತು. ಅಣೆಕಟ್ಟು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗ ಮಾಡಿ, ಆ ಮೂಲಕ ನೀರನ್ನು ಮಂಡ್ಯದ ಕಡೆಗೆ ತಂದರು. ಆ ನಾಲೆಗೆ ಅಂದಿನ ವೈಸರಾಯ್ ಇರ್ವಿನ್ ಅವರ ಹೆಸರಿಟ್ಟರು. ಇಂದು ನಾವು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವುದು ಅದನ್ನೇ. ಈ ನಡುವೆ ಹಳೆಯ ಕನ್ನಂಬಾಡಿಯೂ ಸುತ್ತಮುತ್ತಲಿನ ಹಳ್ಳಿಗಳೂ ಹಿನ್ನೀರಿನಲ್ಲಿ ಮುಳುಗಿದವು ಎಂಬುದನ್ನು ಮರೆಯಬಾರದು. ಮಂಡ್ಯದ ಗದ್ದೆಯ ಹಸಿರಿಗೆ ಮೊದಲ ಬೆಲೆ ತೆತ್ತವರು ಆ ಗದ್ದೆಯನ್ನು ಎಂದೂ ಉಳದವರು.

ಇಲ್ಲಿಂದ ಮುಂದೆ ನಡೆದದ್ದು ತಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದ ಸಂಗತಿ. ನೀರು ಬಂದ ಹೊತ್ತಿಗೆ ಜಗತ್ತಿನಾದ್ಯಂತ ಆರ್ಥಿಕ ಕುಸಿತ ಉಂಟಾಗಿ ಧಾನ್ಯದ ಬೆಲೆ ನೆಲಕಚ್ಚಿತ್ತು. ಹೊಸ ಗದ್ದೆಯಲ್ಲಿ ಬರಿಯ ಭತ್ತ ಬೆಳೆದಿದ್ದರೆ ರೈತರ ಕೈಗೆ ಎಷ್ಟು ಕಾಸು ಬರುತ್ತಿತ್ತು ಎಂಬುದು ಅನುಮಾನವೇ. ಆದರೆ 1932ರಲ್ಲಿ ಭಾರತ ಸರ್ಕಾರ ಹೊರಗಿನಿಂದ ಬರುವ ಸಕ್ಕರೆಯ ಮೇಲೆ ಭಾರಿ ಸುಂಕ ಹೇರಿ ದೇಶದೊಳಗಿನ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ಮರುವರ್ಷವೇ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರು ಇದರ ಹಿಂದಿನ ಮುಖ್ಯ ಶಕ್ತಿ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿಸಿದವರೂ ಅವರೇ. ನಾಲೆಯ ಪಕ್ಕದಲ್ಲಿ ವಿ.ಸಿ. ಫಾರಂ ಎಂದು ಜನ ಕರೆಯುವ ಸಂಶೋಧನಾ ಕೇಂದ್ರ ಹುಟ್ಟಿಕೊಂಡಿತು. ನೀರನ್ನು ಹಂಚಲು ಬ್ಲಾಕ್ ಪದ್ಧತಿ ಬಂದಿತು. ಅದರ ಪ್ರಕಾರ ಪ್ರತಿ ಬ್ಲಾಕಿನಲ್ಲಿ ಒಂದು ಭಾಗ ಕಬ್ಬು, ಒಂದು ಭಾಗ ಭತ್ತ, ಇನ್ನೊಂದು ಭಾಗ ಕಡಿಮೆ ನೀರಿನ ಬೆಳೆ ಇರಬೇಕು, ಮೂರು ವರ್ಷಗಳಲ್ಲಿ ಇವು ಸುತ್ತು ಬರಬೇಕು.

ಈ ಕ್ರಮವನ್ನು ಗಮನಿಸಿ. ನೀರು, ಬೆಳೆಗೆ ಖಚಿತವಾದ ಕೊಳ್ಳುಗ, ಆ ಬೆಳೆಯ ತಿಳಿವಳಿಕೆ ಕೊಡುವ ಕೇಂದ್ರ, ನೀರು ಹಂಚುವ ಕಟ್ಟುಪಾಡು, ಇವೆಲ್ಲವೂ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಜಾಗಕ್ಕೆ ಬಂದವು. ಐವತ್ತು ವರ್ಷ ಸುಮ್ಮನೆ ಹಾದು ಹೋಗುತ್ತಿದ್ದ ರೈಲಿಗೂ ಆಗ ಕೆಲಸ ಸಿಕ್ಕಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದರಿಂದ ಕಚೇರಿಗಳು, ಕೋರ್ಟು, ಆಸ್ಪತ್ರೆ, ಶಾಲೆಗಳೂ ಬಂದವು. ಒಂದು ಪ್ರದೇಶ ಬದಲಾಗುವುದು ಹೀಗೆ ಹಲವು ಸಂಗತಿಗಳು ಒಂದರ ಹೆಗಲಿಗೆ ಒಂದು ಹೆಗಲು ಕೊಟ್ಟಾಗ. ಇವುಗಳಲ್ಲಿ ಒಂದನ್ನು ಹತ್ತು ಪಟ್ಟು ಹೆಚ್ಚಿಸಿ ಉಳಿದವನ್ನು ಬಿಟ್ಟರೆ ಫಲ ಬರುವುದಿಲ್ಲ.

ಇದಕ್ಕೆ ತಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1907ರಲ್ಲಿ ಮುಗಿಯಿತು. ಕನ್ನಂಬಾಡಿಗಿಂತ ಅದು ಹಿರಿಯದು, ಸಣ್ಣದೂ ಅಲ್ಲ, 30 ಟಿಎಂಸಿ ನೀರು ಹಿಡಿಯುತ್ತದೆ. ಅದೇ ಸಂಸ್ಥಾನ, ಅದೇ ಎಂಜಿನಿಯರಿಂಗ್ ಇಲಾಖೆ. ಹಿರಿಯೂರಿನ ಸುತ್ತ ಒಂದಿಷ್ಟು ತೋಟ ಗದ್ದೆಗಳಾದವು, ಸಹಕಾರಿ ಸಕ್ಕರೆ ಕಾರ್ಖಾನೆಯೊಂದು ಬಂದು ಮುಚ್ಚಿಯೂ ಹೋಯಿತು. ಆದರೆ ಹಿರಿಯೂರು ಮಂಡ್ಯವಾಗಲಿಲ್ಲ. ವೇದಾವತಿ ಕಾವೇರಿಯಲ್ಲ ಎಂಬುದು ಮೊದಲ ಕಾರಣ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಯಾವ ವರ್ಷ ನೀರು ಬಿಡುತ್ತಾರೆ, ಯಾವ ವರ್ಷ ಬಿಡುವುದಿಲ್ಲ ಎಂಬ ಭರವಸೆಯಿಲ್ಲದ ಕಡೆ ರೈತ ಬಂಡವಾಳ ಹೂಡುವುದಿಲ್ಲ, ಕಾರ್ಖಾನೆ ಬಂದರೂ ವರ್ಷಪೂರ್ತಿ ಅರೆಯಲು ಕಬ್ಬು ಸಿಗುವುದಿಲ್ಲ. ನೀರು ಎಷ್ಟು ಬರುತ್ತದೆ ಎಂಬುದರಷ್ಟೇ ಅದು ತಪ್ಪದೆ ಬರುತ್ತದೆಯೇ ಎಂಬುದೂ ಮುಖ್ಯ.

ಆರ್ಥಿಕ ಬದಲಾವಣೆಯ ಮಾತಾಯಿತು, ಸಮಾಜದ ಮಾತು ಇದಕ್ಕಿಂತ ಕಷ್ಟ. ಅದೃಷ್ಟವಶಾತ್ ಮಂಡ್ಯದ ವಿಷಯದಲ್ಲಿ ನಮಗೆ ಅಪರೂಪದ ಒಂದು ದಾಖಲೆಯಿದೆ. ವಿಯೆನ್ನಾದಲ್ಲಿ ಹುಟ್ಟಿ, ನಾತ್ಸಿಗಳಿಂದ ಪಾರಾಗಿ ಇಂಗ್ಲೆಂಡ್ ಸೇರಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ 1950ರ ದಶಕದ ನಡುವೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಊರಿನವರ ಗುರುತು ಬಯಲಾಗದಿರಲೆಂದು ಅವರು ಆ ಹಳ್ಳಿಗಳಿಗೆ ವಂಗಲ ಮತ್ತು ದಲೇನ ಎಂಬ ಬದಲಿ ಹೆಸರುಗಳನ್ನು ಕೊಟ್ಟರು. ಎರಡರಲ್ಲಿಯೂ ಒಕ್ಕಲಿಗರೇ ಪ್ರಬಲರು, ಎರಡೂ ಕಡೆ ದಲಿತ ಕುಟುಂಬಗಳು ಒಕ್ಕಲಿಗರ ಹೊಲಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದವು. ವ್ಯತ್ಯಾಸ ಒಂದೇ. ವಂಗಲದ ಹೊಲಗಳಿಗೆ ನಾಲೆಯ ನೀರು ಹರಿಯಿತು. ದಲೇನ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅದರ ಹೊಲಗಳು ಒಣಭೂಮಿಯಾಗಿಯೇ ಉಳಿದವು.

ಯಾವ ಹಳ್ಳಿ ಹೆಚ್ಚು ಬದಲಾಗಿರಬೇಕು ಎಂದು ತಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ನೀರು ಬಂದ ವಂಗಲ ಎಂದೇ ಅವರು ಹೇಳುತ್ತಾರೆ. ಎಪ್‌ಸ್ಟೀನ್ ಕಂಡದ್ದು ಇದಕ್ಕೆ ತಿರುಗುಮುರುಗಾದದ್ದು. ವಂಗಲದಲ್ಲಿ ಹಣ ಹೆಚ್ಚಿತು, ಮನೆಗಳು ದೊಡ್ಡವಾದವು, ಹಬ್ಬ ಮದುವೆಗಳು ಅದ್ದೂರಿಯಾದವು, ಆದರೆ ಊರಿನ ಸಮಾಜದ ಕಟ್ಟು ಸಡಿಲವಾಗಲಿಲ್ಲ, ಕೆಲವೆಡೆ ಇನ್ನಷ್ಟು ಬಿಗಿಯಾಯಿತು. ಕಾರಣ ಬಹಳ ಸರಳ. ಗದ್ದೆಗೆ ನೀರು ಬಂದ ರೈತನಿಗೆ ನಾಟಿಯ ಕಾಲದಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ ಕೈತುಂಬ ಆಳು ಬೇಕು, ಅದೂ ಕರೆದ ದಿನವೇ ಬರುವ ಆಳು ಬೇಕು. ಆದ್ದರಿಂದ ಹಳೆಮಗ ಎಂದು ಕರೆಯುತ್ತಿದ್ದ ವಂಶಪಾರಂಪರ್ಯದ ಆಳಿನ ಸಂಬಂಧವನ್ನು, ವರ್ಷಕ್ಕೊಮ್ಮೆ ಕಣದಲ್ಲಿ ಅಳೆದು ಕೊಡುವ ಧಾನ್ಯದ ಪಾಲನ್ನು ಅವನು ಬಿಡಲಿಲ್ಲ. ದುಡಿಯುವವನಿಗೂ ಊರಿನಲ್ಲಿಯೇ ವರ್ಷಪೂರ್ತಿ ಕೆಲಸ ಸಿಗುತ್ತಿದ್ದುದರಿಂದ ಹೊರಗೆ ಹೋಗುವ ಒತ್ತಡವಿರಲಿಲ್ಲ. ಹಳೆಯ ಬೇಸಾಯವನ್ನೇ ಹೆಚ್ಚು ಲಾಭದಾಯಕವಾಗಿ ಮಾಡಲು ಸಾಧ್ಯವಾದಾಗ ಹಳೆಯ ಸಮಾಜವನ್ನು ಬಿಡಲು ಯಾರಿಗೂ ಕಾರಣ ಉಳಿಯುವುದಿಲ್ಲ.

ದಲೇನದವರಿಗೆ ಆ ಸೌಕರ್ಯ ಇರಲಿಲ್ಲ. ಸುತ್ತಲೂ ಹಸಿರಾಗುತ್ತಿದ್ದ ಸೀಮೆಯ ನಡುವೆ ತಮ್ಮ ಹೊಲ ಮಾತ್ರ ಒಣಗಿರುವುದನ್ನು ಕಂಡು ಅವರು ಹೊರಗೆ ಕಣ್ಣು ಹಾಯಿಸಿದರು. ಕೆಲವರು ಮಂಡ್ಯ ಪೇಟೆಯಲ್ಲಿ ಕಾರ್ಖಾನೆಯ ಮತ್ತು ಸರ್ಕಾರದ ನೌಕರಿ ಹಿಡಿದರು, ಕೆಲವರು ಗಾಡಿ ಕಟ್ಟಿಕೊಂಡು ಬಾಡಿಗೆಗೆ ಕಬ್ಬು ಸಾಗಿಸಿದರು, ಕೆಲವರು ಹಿಟ್ಟಿನ ಗಿರಣಿ ಹಾಕಿದರು, ಕಬ್ಬಿನ ಗಾಣ ನಡೆಸಿದರು, ಕೈಯಲ್ಲಿ ಕಾಸಾದವರು ಪಕ್ಕದೂರಿನ ನೀರಾವರಿ ಭೂಮಿ ಕೊಂಡರು. ಊರಿನ ಹೊಲದಲ್ಲಿ ಆಳಿನ ಅಗತ್ಯ ಕಡಿಮೆಯಾದಂತೆ ಹಳೆಮಗ ಸಂಬಂಧ ತಾನಾಗಿ ಕಳಚಿಕೊಂಡಿತು. ವಂಶದಿಂದ ಬಂದ ಯಜಮಾನಿಕೆಯ ಮಾತಿಗಿಂತ ಮಂಡ್ಯದ ಕಚೇರಿಗಳಲ್ಲಿ ಕೆಲಸ ಮಾಡಿಸಿಕೊಡಬಲ್ಲವನ ಮಾತಿಗೆ ತೂಕ ಬಂದಿತು. ಅಂದರೆ ನೀರು ಸಿಗದ ಹಳ್ಳಿಯ ಸಮಾಜವೇ ಹೆಚ್ಚು ಬದಲಾಯಿತು, ಆದರೆ ಪಕ್ಕದಲ್ಲಿ ನೀರು ಹರಿದದ್ದರಿಂದ ಮಾತ್ರ ಅದು ಸಾಧ್ಯವಾಯಿತು. ನೂರಾರು ಮೈಲಿಯ ತನಕ ಬರಿಯ ಒಣಭೂಮಿಯೇ ಇದ್ದಿದ್ದರೆ ದಲೇನದವರಿಗೆ ಗಾಡಿ ಕಟ್ಟಲು ಕಬ್ಬು ಎಲ್ಲಿರುತ್ತಿತ್ತು?

ಇದು ಆ ಎರಡು ಹಳ್ಳಿಗಳಿಗೆ ಮಾತ್ರ ಸೀಮಿತವಾದ ಸತ್ಯವಲ್ಲ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಒಳಗೇ ಇನ್ನೊಂದು ನಿದರ್ಶನ ಹೇಳುತ್ತೇನೆ. ಜಿಲ್ಲೆಯ ಉತ್ತರ ಭಾಗದ ನಾಗಮಂಗಲ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳ ಬಹುಪಾಲು ಭೂಮಿಗೆ ಇರ್ವಿನ್ ನಾಲೆಯ ನೀರು ತಲುಪಲಿಲ್ಲ. ಅಲ್ಲಿಯ ಜನ ಬೆಂಗಳೂರಿಗೆ, ಮುಂಬಯಿಗೆ ದುಡಿಯಲು ಹೋದರು. 2020ರ ಮೇ ತಿಂಗಳಿನಲ್ಲಿ ಕೊರೊನಾ ಸೋಂಕಿನ ಭೀತಿಯಿಂದ ಮುಂಬಯಿಯಿಂದ ಊರಿಗೆ ಮರಳಿದ ಆ ತಾಲ್ಲೂಕುಗಳ ಜನರ ಸಂಖ್ಯೆ ಕಂಡು ನಾಡೇ ಅಚ್ಚರಿಪಟ್ಟಿತು. ಸಕ್ಕರೆಯ ಜಿಲ್ಲೆಯಿಂದ ಇಷ್ಟು ಜನ ಹೊರಗೆ ಹೋಗಿದ್ದರೇ ಎಂದು ಕೇಳಿದವರು ಮಂಡ್ಯವನ್ನು ನಾಲೆಯ ದಂಡೆಯ ಮೇಲೆ ನಿಂತು ಮಾತ್ರ ನೋಡಿದ್ದವರು.

ಎಪ್‌ಸ್ಟೀನ್ 1970ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಬಂದರು. ಆಗ ಅವರನ್ನು ಹೆಚ್ಚು ಕಾಡಿದ ಸಂಗತಿ ಬಡವರ ಸ್ಥಿತಿ. ಭೂಮಿಯಿದ್ದವರು ಇನ್ನಷ್ಟು ಸ್ಥಿತಿವಂತರಾಗಿದ್ದರು, ಭೂಮಿಯಿಲ್ಲದ ದಲಿತ ಕುಟುಂಬಗಳಿಗೂ ಅವರಿಗೂ ನಡುವಿನ ಅಂತರ ಹಿಗ್ಗಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ನಾಲೆಯ ನೀರು ಎಕರೆಯ ಲೆಕ್ಕದಲ್ಲಿ ಬರುತ್ತದೆ. ಐದು ಎಕರೆಯವನಿಗೆ ಐದು ಎಕರೆಯ ನೀರು, ಒಂದು ಎಕರೆಯವನಿಗೆ ಒಂದು ಎಕರೆಯ ನೀರು, ಭೂಮಿಯೇ ಇಲ್ಲದವನಿಗೆ ನೀರೇ ಇಲ್ಲ. ನೀರು ಬರುವ ಮೊದಲು ಇದ್ದ ಅಸಮಾನತೆಯನ್ನು ನೀರು ಗುಣಿಸುತ್ತದೆ. 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿಯೂ ಮಂಡ್ಯದಲ್ಲಿ ಕರಾವಳಿಯಷ್ಟು ಪರಿಣಾಮ ಬೀರಲಿಲ್ಲ. ಆ ಕಾನೂನು ಮುಖ್ಯವಾಗಿ ಗೇಣಿದಾರನಿಗೆ ಭೂಮಿ ಕೊಡಿಸುವಂಥದ್ದು. ಗೇಣಿ ಪದ್ಧತಿ ವ್ಯಾಪಕವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಅದು ಸಮಾಜವನ್ನೇ ಅಲುಗಾಡಿಸಿತು. ಮಂಡ್ಯದಲ್ಲಿ ಭೂಮಿಯ ಒಡೆಯರೇ ಉಳುಮೆ ಮಾಡಿಸುತ್ತಿದ್ದರು, ದುಡಿಯುತ್ತಿದ್ದವರು ಗೇಣಿದಾರರಲ್ಲ, ಕೂಲಿಯವರು. ಕೂಲಿಯವರಿಗೆ ಆ ಕಾನೂನಿನಿಂದ ಹೆಚ್ಚೇನೂ ಸಿಗಲಿಲ್ಲ.

ರಾಜಕೀಯದ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಸುತ್ತಲಿನ ಹಳ್ಳಿಗಳಿಂದ ರೈತರು ಸಾವಿರಗಟ್ಟಲೆ ಸೇರಿದರು. ಹೊಸದಾಗಿ ಕೈಯಲ್ಲಿ ಕಾಸು ಕಂಡ ರೈತವರ್ಗ ಆಡಳಿತದಲ್ಲಿಯೂ ಪಾಲು ಕೇಳತೊಡಗಿದ ಕಾಲವದು. ಮುಂದೆ ಆ ಹಣ ಮತ್ತು ಆ ಹುಮ್ಮಸ್ಸು ಶಿಕ್ಷಣಕ್ಕೂ ಹರಿಯಿತು. ಕೆ.ವಿ. ಶಂಕರಗೌಡರು ಜನತಾ ಶಿಕ್ಷಣ ಸಂಸ್ಥೆಯ ಮೂಲಕ 1962ರಲ್ಲಿ ಮಂಡ್ಯದಂಥ ಸಣ್ಣ ಊರಿಗೆ ಎಂಜಿನಿಯರಿಂಗ್ ಕಾಲೇಜನ್ನು ತಂದದ್ದು ನನ್ನ ದೃಷ್ಟಿಯಲ್ಲಿ ಸಕ್ಕರೆ ಕಾರ್ಖಾನೆಯಷ್ಟೇ ದೊಡ್ಡ ಘಟನೆ. ಏಕೆಂದರೆ ಗದ್ದೆಯ ಮಗ ಗದ್ದೆಯನ್ನು ಬಿಡುವ ದಾರಿ ತೆರೆದದ್ದು ಅಲ್ಲಿಂದ.

ಹೆಣ್ಣುಮಕ್ಕಳ ಬದುಕಿನ ವಿಷಯದಲ್ಲಿ ಮಾತ್ರ ನಾನು ಚಿಕ್ಕದಾಗಿ ಹೇಳಲಾರೆ. ಪ್ರದೇಶವೊಂದು ಬದಲಾಯಿತೇ ಎಂದು ಕೇಳುವವರು ಎಕರೆವಾರು ಇಳುವರಿಯನ್ನು ನೋಡುತ್ತಾರೆ, ನಾನು ಮದುವೆಯ ಕಟ್ಟಳೆಯನ್ನು ನೋಡುತ್ತೇನೆ. ಹಳೆಯ ಮೈಸೂರಿನ ಬೇಸಾಯದ ಕುಟುಂಬಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ತೆರ ಕೊಡುವ ಪದ್ಧತಿಯಿತ್ತು. ಹೊಲದಲ್ಲಿ ಗಂಡಸಿನ ಸಮಕ್ಕೆ ದುಡಿಯುವ ಒಬ್ಬ ಮಗಳನ್ನು ತವರು ಕಳೆದುಕೊಳ್ಳುತ್ತಿದೆ ಎಂಬ ಒಪ್ಪಿಗೆ ಅದರಲ್ಲಿತ್ತು. ನೀರು ಬಂದು ಸ್ಥಿತಿವಂತರಾದ ಮನೆಗಳಲ್ಲಿ ಹೆಂಗಸರು ಗದ್ದೆಗೆ ಇಳಿಯುವುದು ನಿಂತಿತು, ಆ ಕೆಲಸಕ್ಕೆ ಕೂಲಿಯ ಹೆಂಗಸರು ಬಂದರು. ಮನೆಯಲ್ಲಿ ಉಳಿದವಳಿಗೆ ಬಿಡುವು ಸಿಕ್ಕಿತು, ಕೆಲವರಿಗೆ ಎಮ್ಮೆಯ ಹಾಲು ಮಾರಿದ ಕಾಸು ಕೈಗೆ ಬಂದಿತು, ಆದರೆ ಅವಳ ದುಡಿಮೆಯ ಬೆಲೆ ಕಣ್ಣಿಗೆ ಕಾಣದಂತಾಯಿತು. ಓದಿದ, ನೌಕರಿಯಲ್ಲಿರುವ ಗಂಡು ವಿರಳವಾಗಿದ್ದು ಅವನಿಗೆ ಬೇಡಿಕೆ ಹೆಚ್ಚಿತು. ಎಪ್‌ಸ್ಟೀನ್ ಅವರ ಎರಡು ಭೇಟಿಗಳ ನಡುವಿನ ಹದಿನೈದು ವರ್ಷಗಳಲ್ಲಿಯೇ ತೆರ ಹಿಂದೆ ಸರಿದು ವರದಕ್ಷಿಣೆ ಕಾಲಿಟ್ಟಿತ್ತು. ಮಗಳು ಹುಟ್ಟಿದರೆ ಮನೆಗೆ ಕೈ ಬಂದಿತು ಎನ್ನುತ್ತಿದ್ದವರು ಸಾಲ ಬಂದಿತು ಎನ್ನುವಂತಾದರು.

ಈ ಸರಪಳಿ ಎಲ್ಲಿಯವರೆಗೆ ಎಳೆಯಿತು ಎಂಬುದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ತನಿಖೆಯಲ್ಲಿ ಬಯಲಾಯಿತು. ಬೆಲ್ಲ ಬೇಯುವ ಕೊಪ್ಪರಿಗೆಯ ಪಕ್ಕದಲ್ಲಿ, ಆ ಸೀಮೆಯ ಸಮೃದ್ಧಿಯ ಗುರುತಾದ ಜಾಗದಲ್ಲಿಯೇ ಅದು ನಡೆಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಮೂವತ್ತು ದಾಟಿದರೂ ಹೆಣ್ಣು ಸಿಗದ ಮಂಡ್ಯದ ರೈತ ಯುವಕರು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕೆಲವರು ಅದನ್ನು ಕಂಡು ನಕ್ಕರು, ನಗಲು ನನಗೆ ಮನಸ್ಸು ಬರುವುದಿಲ್ಲ. ಓದಿದ ಹುಡುಗಿಯರು ಬೇಸಾಯದ ಮನೆಗೆ ಹೋಗಲು ಒಪ್ಪುತ್ತಿಲ್ಲವೆಂಬುದು ಅವರ ಹಕ್ಕಿನ ತೀರ್ಮಾನ. ಜೊತೆಗೆ, ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳು ಹುಟ್ಟಲಿಲ್ಲವೆಂಬುದು ಒಂದು ಸಮಾಜ ತನಗೆ ತಾನೇ ಮಾಡಿಕೊಂಡ ನಷ್ಟ. ನಾಲೆ ತೋಡುವಾಗ ಇದನ್ನು ಯಾರೂ ಊಹಿಸಿರಲಿಲ್ಲ. ಆದರೆ ಈಗ ಹೊಸ ನಾಲೆ ತೋಡುತ್ತಿರುವ ನಮಗೆ ತಿಳಿದಿರಲಿಲ್ಲ ಎಂದು ಹೇಳುವ ಅವಕಾಶವಿಲ್ಲ.

ಮಂಡ್ಯದ ಇಂದಿನ ಸ್ಥಿತಿಯನ್ನೂ ತಾವು ತಿಳಿದಿರಬೇಕು. 2001ರ ಜನಗಣತಿಯಲ್ಲಿ ಸುಮಾರು 17.6 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಸುಮಾರು 18 ಲಕ್ಷವಾಯಿತು. ಆ ಹತ್ತು ವರ್ಷಗಳಲ್ಲಿ ಇಡೀ ರಾಜ್ಯದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆದಿತ್ತು. ಮಕ್ಕಳ ಸಂಖ್ಯೆ ಕಡಿಮೆಯಾದದ್ದರ ಜೊತೆಗೆ ಜನ ಬೆಂಗಳೂರಿಗೆ, ಮೈಸೂರಿಗೆ ಹೊರಟು ಹೋದದ್ದೂ ಇದಕ್ಕೆ ಕಾರಣ. ಜಿಲ್ಲೆಯ ನಗರವಾಸಿಗಳ ಪ್ರಮಾಣ 2011ರಲ್ಲಿ ಶೇ. 17ರಷ್ಟು ಮಾತ್ರ. ಅಂದರೆ ಎಂಬತ್ತು ವರ್ಷ ನೀರು ಹರಿದ ಜಿಲ್ಲೆಯಲ್ಲಿ ಕಬ್ಬು ಮತ್ತು ಭತ್ತದ ಆಚೆಗೆ ಕೈಗೆ ಕೆಲಸ ಕೊಡುವ ಪಟ್ಟಣಗಳು ಬೆಳೆಯಲಿಲ್ಲ. ಎಲ್ಲವೂ ಒಂದು ಬೆಳೆಗೆ, ಒಂದು ನದಿಗೆ ಕಟ್ಟಿಬಿದ್ದಿತು. ಆದ್ದರಿಂದಲೇ 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂದಾಗ, ಆಮೇಲೆ 2002, 2012, 2016ರಲ್ಲಿ ಮಳೆ ಕೈಕೊಟ್ಟು ನೀರು ಬಿಡುವ ಆದೇಶ ಬಂದಾಗಲೆಲ್ಲ ಮಂಡ್ಯ ಹೊತ್ತಿಕೊಂಡಿತು. ಜಿಲ್ಲೆಯ ಮೊದಲ ಸಕ್ಕರೆ ಕಾರ್ಖಾನೆಯೇ ನಷ್ಟದಿಂದ ಕೆಲವು ವರ್ಷ ಕಬ್ಬು ಅರೆಯದೆ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಇಡೀ ನಾಡನ್ನು ಕಲಕಿದವು. ಇಂದು ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವವರಲ್ಲಿ ಉತ್ತರಪ್ರದೇಶದಿಂದ ಬಂದ ಕೆಲಸಗಾರರು ಹೆಚ್ಚು. ಊರಿನ ಹುಡುಗ ಬೆಂಗಳೂರಿನಲ್ಲಿ, ಉತ್ತರದ ಹುಡುಗ ಊರಿನ ಆಲೆಮನೆಯಲ್ಲಿ. ದಲೇನದವರು ಎಪ್ಪತ್ತು ವರ್ಷಗಳ ಹಿಂದೆ ಹಿಡಿದ ದಾರಿಯನ್ನು ವಂಗಲದವರ ಮೊಮ್ಮಕ್ಕಳು ಈಗ ಹಿಡಿದಿದ್ದಾರೆ.

ಈಗ ತಮ್ಮ ಸೀಮೆಗೆ ಬರುತ್ತೇನೆ. ಭದ್ರಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು 2,25,515 ಹೆಕ್ಟೇರು, ಅದಕ್ಕೆ ಭದ್ರೆಯಿಂದ ಎತ್ತುವ ನೀರು 29.9 ಟಿಎಂಸಿ. ಇಷ್ಟು ವಿಸ್ತಾರಕ್ಕೆ ಇಷ್ಟೇ ನೀರು ಎಂದರೆ ಅದು ಗದ್ದೆಯಲ್ಲಿ ನಿಲ್ಲಿಸುವ ನೀರಲ್ಲ ಎಂಬುದು ಸ್ಪಷ್ಟ. ಹನಿ ನೀರಾವರಿಗೆಂದೇ ರೂಪಿಸಿದ ಯೋಜನೆಯದು. ಆದ್ದರಿಂದ ಮಂಡ್ಯದ ಗದ್ದೆಯ ಚಿತ್ರವನ್ನು ಮನಸ್ಸಿನಿಂದ ತೆಗೆದು ಹಾಕುವಂತೆ ಊರಿನ ಹಿರಿಯರಿಗೆ ದಯವಿಟ್ಟು ಹೇಳಿ. ಕಬ್ಬು, ಭತ್ತ ಅಲ್ಲಿ ಸಲ್ಲವು. ತೆಂಗು, ದಾಳಿಂಬೆ, ಅಡಿಕೆ ಮೊದಲಾದ ತೋಟದ ಬೆಳೆಗಳ ಕಡೆಗೆ ರೈತರು ವಾಲುತ್ತಾರೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ನೀರು ತಪ್ಪದೆ ಸಿಗುತ್ತದೆ ಎಂಬುದನ್ನು ತಿಳಿಯದೆ ಎಲ್ಲರೂ ಒಂದೇ ಬೆಳೆಗೆ ಬಿದ್ದರೆ ಮಂಡ್ಯದ ಕಬ್ಬಿನ ಕಥೆಯೇ ಬೇರೆ ಹೆಸರಿನಲ್ಲಿ ನಡೆಯುತ್ತದೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಅದಕ್ಕೆ ಮಂಡ್ಯಕ್ಕಿಂತ ತುಂಗಭದ್ರೆಯ ಅಚ್ಚುಕಟ್ಟು ಒಳ್ಳೆಯ ಪಾಠ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದಾಗ ರಾಯಚೂರು, ಕೊಪ್ಪಳ ಸೀಮೆಯ ರೈತರಿಗೆ ನೀರಾವರಿಯ ಅನುಭವವಿರಲಿಲ್ಲ, ಭೂಮಿಯನ್ನು ಮಟ್ಟಮಾಡಲು ಬಂಡವಾಳವೂ ಇರಲಿಲ್ಲ. ಕೃಷ್ಣಾ ಮತ್ತು ಗೋದಾವರಿ ಮುಖಜಭೂಮಿಯ ಆಂಧ್ರದ ರೈತರಿಗೆ ಎರಡೂ ಇದ್ದವು. ಅವರು ತಮ್ಮೂರಿನ ಎಕರೆಯ ಬೆಲೆಗೆ ಇಲ್ಲಿ ಹಲವು ಎಕರೆ ಕೊಂಡು ನೆಲೆಸಿದರು. ಗಂಗಾವತಿ, ಕಾರಟಗಿ, ಸಿಂಧನೂರಿನ ಸುತ್ತ ಕ್ಯಾಂಪುಗಳೆಂದು ಕರೆಯುವ ಊರುಗಳು ಇಂದಿಗೂ ಇವೆ. ಅವರು ಕಷ್ಟಪಟ್ಟು ದುಡಿದವರು, ಆ ಸೀಮೆಯನ್ನು ಭತ್ತದ ಕಣಜ ಮಾಡಿದವರು, ಅವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ನೀರು ಬರುವ ಮೊದಲು ಒಣಭೂಮಿಯ ಬೆಲೆಗೆ ಜಮೀನು ಮಾರಿದ ಸ್ಥಳೀಯ ಕುಟುಂಬಗಳಲ್ಲಿ ಹಲವು ಅದೇ ಜಮೀನಿನಲ್ಲಿ ಕೂಲಿಗೆ ನಿಂತವು. ಅಷ್ಟೇ ಅಲ್ಲ, ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ ಆ ನಾಲೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರಿಂದ ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಇಂದಿಗೂ ನೀರಿಗಾಗಿ ಹೋರಾಡುತ್ತಿದ್ದಾರೆ. ಸೀಮೆಯ ಉತ್ಪಾದನೆ ಬೆಳೆಯುವುದೂ ಸೀಮೆಯ ಜನ ಬೆಳೆಯುವುದೂ ಯಾವಾಗಲೂ ಒಂದೇ ಆಗಿರುವುದಿಲ್ಲ.

2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದ್ದರಿಂದ ತಮ್ಮ ಸೀಮೆಯಲ್ಲಿ ಈ ಅಪಾಯ ಹಿಂದಿಗಿಂತ ಹೆಚ್ಚು ವೇಗವಾಗಿ ಬರುತ್ತದೆ. ಕಾಲುವೆಯ ನಕ್ಷೆ ಮೊದಲು ತಲುಪುವುದು ಭೂಮಿ ಕೊಳ್ಳುವವರ ಕೈಗೆ, ಉಳುವವರ ಕೈಗೆ ಅದು ತಡವಾಗಿ ತಲುಪುತ್ತದೆ. ತಾವು ಶಿಕ್ಷಕರಾದ್ದರಿಂದ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಯಾವ ಸರ್ವೆ ನಂಬರುಗಳು ಅಚ್ಚುಕಟ್ಟಿಗೆ ಸೇರುತ್ತವೆ ಎಂಬ ಪಟ್ಟಿಯನ್ನು ನೀರಾವರಿ ನಿಗಮದ ಕಚೇರಿಯಿಂದ ಮಾಹಿತಿ ಹಕ್ಕಿನಡಿ ಪಡೆದು ಪಂಚಾಯತಿಯ ಗೋಡೆಗೆ ಹಚ್ಚಿಸಿ. ಅದರ ಪಕ್ಕದಲ್ಲಿ, ಆ ಜಮೀನುಗಳಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಕೈ ಬದಲಾಗಿವೆ ಎಂಬುದನ್ನು ಪಹಣಿ ನೋಡಿ ಮಕ್ಕಳಿಂದ ಬರೆಯಿಸಿ. ಊರಿನಲ್ಲಿ ಭೂಮಿಯಿಲ್ಲದ ಮನೆಗಳೆಷ್ಟು, ಸರ್ಕಾರದಿಂದ ಮಂಜೂರಾದ ಜಮೀನು ಹೊಂದಿರುವ ದಲಿತ ಕುಟುಂಬಗಳೆಷ್ಟು ಎಂಬುದನ್ನೂ ಸೇರಿಸಿ. ಅಂಥ ಮಂಜೂರಾತಿ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು 1978ರ ಕಾನೂನು ಹೇಳುತ್ತದೆ ಎಂಬುದು ಎಷ್ಟೋ ಕುಟುಂಬಗಳಿಗೆ ಗೊತ್ತಿರುವುದಿಲ್ಲ. ನೀರು ಬರುವ ಮೊದಲೇ ಅವರಿಗೆ ಅದನ್ನು ತಿಳಿಸಬೇಕು.